ಗೂಟ, ಹಗ್ಗ, ಮೂರು ಒಲೆಗಲ್ಲು: ಹಳೆಯ ಅರಬ್ಬೀ ಕಸೀದಾ ಓದುವ ಬಗೆ

ಇಸ್ಲಾಂಗಿಂತ ಮುಂಚಿನ ಅರಬ್ಬೀ ಕಾವ್ಯವನ್ನು ಅನುವಾದದಲ್ಲಿ ಓದಲು ಕೂತವರಲ್ಲಿ ಬಹಳ ಮಂದಿ ಹತ್ತನೇ ದ್ವಿಪದಿಗೆ ಪುಸ್ತಕ ಮಡಚಿಡುತ್ತಾರೆ. ಮೊದಲೆರಡು ದ್ವಿಪದಿಗಳಲ್ಲೇ ನಾಲ್ಕು ಜಾಗದ ಹೆಸರು, ಆಮೇಲೆ ಗಾಳಿ, ಹಿಕ್ಕೆ, ಒಂಟೆ, ಒಂಟೆಯ ಪಕ್ಕೆಲುಬು. ಕವಿ ಅಳುತ್ತಿದ್ದಾನೆ ಎಂದು ಟಿಪ್ಪಣಿ ಹೇಳುತ್ತದೆ, ಅಳು ಬರುವಂಥದ್ದೇನೂ ನಮಗೆ ಕಾಣುವುದಿಲ್ಲ. ಈ ಕಾವ್ಯದಲ್ಲಿ ಭಾವವನ್ನು ಹುಡುಕಿಕೊಂಡು ಹೋದರೆ ಬರಿಗೈ. ಸಾಮಾನುಗಳನ್ನು ಹಿಡಿದು ಹೋಗಬೇಕು. ಗುಡಾರದ ಗೂಟ ಯಾವುದು, ಹಗ್ಗ ಯಾವುದು, ಒಲೆಗಲ್ಲಿಗೆ ಮಸಿ ಯಾಕಿದೆ, ಒಂಟೆಯ ಮಾಂಸವನ್ನು ಎಷ್ಟು ಪಾಲು ಮಾಡುತ್ತಿದ್ದರು ಎಂಬುದು ಗೊತ್ತಾದರೆ ಅಳು ತಾನೇ ಬರುತ್ತದೆ.

ಇಲ್ಲಿ ಹೇಳುವ ಕ್ರಮ ಕಸೀದಾ ಎಂಬ ದೀರ್ಘ ಪದ್ಯಕ್ಕೆ ಸಂಬಂಧಿಸಿದ್ದು. ಕಾಲ 6ನೇ ಶತಮಾನ ಮತ್ತು 7ರ ಆರಂಭ; ನೆಲ ಹೆಚ್ಚಾಗಿ ಅರೇಬಿಯಾದ ನಡುಭಾಗದ ನಜ್ದ್ ಮತ್ತು ಅದರ ಆಸುಪಾಸು. ಇವುಗಳಲ್ಲಿ ಹೆಸರಾದವು ಮುಅಲ್ಲಕಾತ್ ಎಂಬ ಏಳು ಕಸೀದಾಗಳು. 8ನೇ ಶತಮಾನದಲ್ಲಿ ಹಮ್ಮಾದ್ ಎಂಬ ರಾವಿ, ಅಂದರೆ ಪದ್ಯಗಳನ್ನು ಬಾಯಿಪಾಠದಲ್ಲಿ ಕಾಪಾಡಿ ಹೇಳುವವನು, ಇವನ್ನು ಒಟ್ಟುಮಾಡಿದನೆಂದು ಪ್ರತೀತಿ. ಚಿನ್ನದ ಅಕ್ಷರದಲ್ಲಿ ಬರೆದು ಕಾಬಾದ ಮೇಲೆ ತೂಗುಹಾಕಿದ್ದರು ಎಂಬ ಕಥೆಯನ್ನು ಎಲ್ಲ ಮುನ್ನುಡಿಗಳೂ ಹೇಳುತ್ತವೆ. ಹೆಸರಿಗೆ ‘ತೂಗುಹಾಕಿದವು’ ಎಂಬ ಅರ್ಥ ಬರುವುದರಿಂದ ಹುಟ್ಟಿದ ಕಥೆ ಇರಬೇಕು. ಇಂದಿನ ವಿದ್ವಾಂಸರು ಅದನ್ನು ಅಷ್ಟಾಗಿ ನಂಬುವುದಿಲ್ಲ.

1. ಮೊದಲು ಯಾವ ಪದ್ಯ

ಇಮ್ರುಲ್ ಕೈಸ್‌ನದು. ಕಿಂದಾ ಬಣದ ಅರಸುಮಗ. ತಂದೆಯನ್ನು ಬನೂ ಅಸದ್ ಬಣದವರು ಕೊಂದರು, ಮಗ ಸೇಡಿಗಾಗಿ ಅಲೆದ ಎಂಬುದು ಪರಂಪರೆಯ ಮಾತು. ಅವನ ಮುಅಲ್ಲಕಾ ಸುಮಾರು 80 ಬೈತ್, ಅಂದರೆ 80 ದ್ವಿಪದಿ. ಚಿತ್ರಗಳು ಸ್ಪಷ್ಟ, ಬಣಗಳ ರಾಜಕೀಯ ಕಡಿಮೆ. ಎರಡನೆಯದಾಗಿ ಝುಹೈರ್‌ನದನ್ನು ಓದಿ. ಸುಮಾರು 60 ಬೈತ್, ಮಾತು ನೇರ. ಮೂರನೆಯದು ತರಫಾನದು, ನೂರರ ಹತ್ತಿರ, ಅದರಲ್ಲಿ ಮೂವತ್ತರಷ್ಟು ಬರೀ ಒಂಟೆ. ಲಬೀದ್‌ನದು ಬಲು ಸುಂದರ, ಆದರೆ ಶಬ್ದಗಳು ಕಠಿಣ. ಮೊದಲಿಗೇ ಹಿಡಿದರೆ ಸೋಲುತ್ತೀರಿ. ಅಲ್ ಹಾರಿಸ್‌ನದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಬಕ್ರ್ ಮತ್ತು ತಗ್ಲಿಬ್ ಬಣಗಳ ಜಗಳದಲ್ಲಿ ಇರಾಕಿನ ಹೀರಾ ಎಂಬ ಊರಿನ ಅರಸನ ಮುಂದೆ ಮಾಡಿದ ವಕಾಲತ್ತು. ಹಳೆಯ ಕದನಗಳ ಪಟ್ಟಿ ಗೊತ್ತಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದು.

ಒಂದು ಸಲ ಕೂತರೆ 5 ಬೈತ್ ಸಾಕು. 80 ಬೈತ್‌ಗೆ 16 ದಿನ. ಇಡೀ ಪದ್ಯವನ್ನು ಒಂದೇ ಉಸಿರಿಗೆ ಓದಿದರೆ ಒಂದು ಸಾಲೂ ನೆನಪಿನಲ್ಲಿ ನಿಲ್ಲುವುದಿಲ್ಲ. ಯಾಕೆಂದರೆ ಇಲ್ಲಿ ಪ್ರತಿ ಬೈತ್ ತನ್ನಷ್ಟಕ್ಕೆ ಮುಗಿಯಬೇಕೆಂಬ ನಿಯಮ. ವಾಕ್ಯ ಮುಂದಿನ ಬೈತ್‌ಗೆ ಹರಿದರೆ ಹಳೆಯ ವಿಮರ್ಶಕರು ಅದನ್ನು ದೋಷವೆಂದೇ ಎಣಿಸುತ್ತಿದ್ದರು. ಮುತ್ತುಗಳನ್ನು ಒಂದೊಂದಾಗಿ ನೋಡಬೇಕು, ಸರ ಆಮೇಲೆ.

2. ಏನೇನು ಬೇಕು

ಸ್ವರಚಿಹ್ನೆಗಳಿರುವ ಅರಬ್ಬೀ ಪಾಠ. ಸ್ವರಚಿಹ್ನೆ ಇಲ್ಲದ ಮುದ್ರಣ ಕೊಂಡರೆ ದುಡ್ಡು ದಂಡ. ಗುರು-ಲಘು ಹಾಕಲಾಗದು, ಪದಗಳ ಅರ್ಥವೂ ತಪ್ಪುತ್ತದೆ. ಬೈತ್‌ಗಳಿಗೆ ಸಂಖ್ಯೆ ಹಾಕಿರುವ ಅನುವಾದ ಒಂದು, ಸಾಧ್ಯವಿದ್ದರೆ ಎರಡು. ಅರಬ್ಬೀ ಬಲ್ಲವರಾದರೆ 11ನೇ ಶತಮಾನದ ಝೌಝನೀ ಬರೆದ ವ್ಯಾಖ್ಯಾನ. ಶಬ್ದಾರ್ಥ, ವ್ಯಾಕರಣ, ತಾತ್ಪರ್ಯ ಎಂದು ಅಚ್ಚುಕಟ್ಟಾಗಿ ಹೋಗುತ್ತದೆ. ಒಂದು ಖಾಲಿ ಹಾಳೆ, ಪೆನ್ಸಿಲ್.

ಲಿಪಿ ಬಾರದವರು ಲಿಪ್ಯಂತರದಲ್ಲಿ ಓದಬಹುದು. ಮದರಸಾದಲ್ಲಿ ಕುರಾನ್ ಓದಲು ಕಲಿತವರಿಗೆ, ಕರಾವಳಿಯಲ್ಲೂ ಗಲ್ಫ್‌ನಲ್ಲೂ ಇಂಥ ಕನ್ನಡಿಗರು ಬಹಳ, ಲಿಪಿಯ ಕಷ್ಟವಿಲ್ಲ. ಆದರೆ ಒಂದು ಅಭ್ಯಾಸ ಬಿಡಬೇಕು. ಕುರಾನ್ ಪಠಣದಲ್ಲಿ ನಿಲ್ಲುವ ಜಾಗದಲ್ಲಿ ಪದದ ಕೊನೆಯ ಸ್ವರವನ್ನು ನುಂಗುತ್ತೇವೆ. ಪದ್ಯದಲ್ಲಿ ತದ್ವಿರುದ್ಧ: ಪ್ರಾಸದ ಕೊನೆಯ ಸ್ವರವನ್ನು ಎಳೆಯಬೇಕು. ‘ಮನ್ಜಿಲಿ’ ಎಂಬುದು ‘ಮನ್ಜಿಲ್’ ಆಗಬಾರದು, ‘ಮನ್ಜಿಲೀ’ ಆಗಬೇಕು. ನುಂಗಿದರೆ ಛಂದಸ್ಸು ಅಲ್ಲೇ ಮುರಿಯಿತು.

3. ಅರ್ಥಕ್ಕೆ ಮೊದಲು ಗುರು-ಲಘು

ಕನ್ನಡ ಓದುಗರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಅರಬ್ಬೀ ಛಂದಸ್ಸು ಕೂಡ ಗುರು-ಲಘುವಿನ ಮೇಲೆ ನಿಂತದ್ದು, ನಿಯಮವೂ ಹೆಚ್ಚುಕಡಿಮೆ ನಮ್ಮದೇ: ದೀರ್ಘ ಸ್ವರ ಗುರು, ಒತ್ತಕ್ಷರದ ಹಿಂದಿನದು ಗುರು, ವ್ಯಂಜನದಲ್ಲಿ ಮುಗಿದದ್ದು ಗುರು. ಶಾಲೆಯಲ್ಲಿ ಪ್ರಸ್ತಾರ ಹಾಕಿದವರು ಒಂದು ಗಂಟೆಯಲ್ಲಿ ಕಲಿಯಬಹುದು.

ಪ್ರಸ್ತಾರ ಹಾಕುವ ಮುನ್ನ ಬೈತನ್ನು ಕಿವಿಗೆ ಕೇಳುವಂತೆ ಬರೆದುಕೊಳ್ಳಿ. ಪದದ ಕೊನೆಯ ‘ಉನ್, ಇನ್, ಅನ್’ ಎಂಬ ನಕಾರ ಬರಹದಲ್ಲಿ ಚಿಹ್ನೆಯಾಗಿದ್ದರೂ ಲೆಕ್ಕಕ್ಕೆ ಪೂರ್ತಿ ವ್ಯಂಜನ. ನಾಮಪದದ ಮುಂದೆ ಕೂರುವ ‘ಅಲ್’ ಎಂಬ ಉಪಪದ ಸ್ವರದ ನಂತರ ಬಂದರೆ ತನ್ನ ‘ಅ’ವನ್ನು ಕಳೆದುಕೊಳ್ಳುತ್ತದೆ. ದ, ತ, ಸ, ನ ಮುಂತಾದವುಗಳ ಮುಂದೆ ಅದರ ಲಕಾರವೂ ಹೋಗಿ ಆ ಅಕ್ಷರವೇ ಇಮ್ಮಡಿಯಾಗುತ್ತದೆ. ಇಮ್ಮಡಿ ಚಿಹ್ನೆ ಇದ್ದಲ್ಲಿ ಅಕ್ಷರವನ್ನು ಎರಡು ಸಲ ಬರೆಯಿರಿ. ಬೈತ್‌ನ ಕೊನೆಯದು ಯಾವತ್ತೂ ಗುರು. ಇಮ್ರುಲ್ ಕೈಸ್‌ನ ಮೊದಲ ಬೈತ್ ಆಗ ಹೀಗೆ ನಿಲ್ಲುತ್ತದೆ:

ಕಿಫಾನಬ್ | ಕಿಮಿನ್‌ಧಿಕ್‌ರಾ | ಹಬೀಬಿನ್ | ವಮನ್‌ಜಿಲೀ
∪ – – | ∪ – – – | ∪ – – | ∪ – ∪ –

ಬಿಸಿಕ್‌ತಿಲ್ | ಲಿವಾಬೈನದ್ | ದಖೂಲಿ | ಫಹೌಮಲೀ
∪ – – | ∪ – – – | ∪ – ∪ | ∪ – ∪ –

‘ಇಬ್ಬರೂ ನಿಲ್ಲಿ, ಅಳೋಣ, ಒಲಿದವಳೊಬ್ಬಳನ್ನೂ ಬಿಡಾರವೊಂದನ್ನೂ ನೆನೆದು, ಮರಳು ಬಾಗಿ ಮುಗಿಯುವ ಅಂಚಿನಲ್ಲಿ, ದಖೂಲ್‌ಗೂ ಹೌಮಲ್‌ಗೂ ನಡುವೆ.’

ಇದು ತವೀಲ್ ಎಂಬ ಛಂದಸ್ಸು. ಹೆಸರಿನ ಅರ್ಥ ‘ನೀಳವಾದದ್ದು’. ಹಳೆಯ ಕಾವ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ಇದೇ. ಇಮ್ರುಲ್ ಕೈಸ್, ತರಫಾ, ಝುಹೈರ್ ಮೂವರ ಮುಅಲ್ಲಕಾವೂ ಇದರಲ್ಲೇ ಇವೆ. ಮೊದಲ ತುಂಡು ∪ – – ನಮ್ಮ ಯಗಣ. ಎರಡನೆಯದು ಯಗಣಕ್ಕೆ ಒಂದು ಗುರು ಸೇರಿಸಿದ್ದು. ಯಗಣವನ್ನೇ ನಾಲ್ಕು ಸಲ ಹೇಳಿದರೆ ಅರಬ್ಬೀಯಲ್ಲಿ ಮುತಕಾರಿಬ್, ನಮ್ಮಲ್ಲಿ ಭುಜಂಗಪ್ರಯಾತ. ಸುಬ್ರಹ್ಮಣ್ಯ ಭುಜಂಗವನ್ನು ಬಾಯಿಪಾಠ ಮಾಡಿದವರ ನಾಲಗೆಗೆ ತವೀಲ್‌ನ ಅರ್ಧ ಆಗಲೇ ಬಂದಿದೆ. ಎರಡೂ ಒಂದರಿಂದ ಒಂದು ಬಂದವೆಂದು ತೀರ್ಮಾನಿಸುವುದು ಬೇಡ. ಗುರು-ಲಘುವಿನ ಲೆಕ್ಕದಲ್ಲಿ ಹಾಗೆ ಕೂಡಿಬರುತ್ತದೆ, ಅಷ್ಟೇ.

ಈಗ ಎರಡನೇ ಸಾಲಿನ ಮೂರನೇ ತುಂಡು ನೋಡಿ: ∪ – ∪. ಕೊನೆಯ ಗುರು ಲಘುವಾಗಿದೆ. ಹೊಸಬರು ಇಲ್ಲಿ ತಾವೇ ತಪ್ಪು ಹಾಕಿದೆವೆಂದು ಅಳಿಸುತ್ತಾರೆ. ತಪ್ಪಲ್ಲ. ಇಲ್ಲೇ ಮರುಭೂಮಿಯ ಗುಡಾರ ಲೆಕ್ಕದೊಳಕ್ಕೆ ಬರುತ್ತದೆ. 8ನೇ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಈ ಛಂದಸ್ಸುಗಳನ್ನು ಐದು ವರ್ತುಲಗಳಲ್ಲಿ ಜೋಡಿಸಿ ನಿಯಮ ಬರೆದ. ಅವನದು 15, ಹದಿನಾರನೆಯದನ್ನು ನಂತರ ಅಖ್ಫಶ್ ಎಂಬ ವ್ಯಾಕರಣಕಾರ ಸೇರಿಸಿದನೆಂದು ಹೇಳುತ್ತಾರೆ. ಈ ಶಾಸ್ತ್ರದ ಹಲವು ಹೆಸರುಗಳು ಬಿಡಾರದಿಂದ ಬಂದವು. ಬೈತ್ ಎಂದರೆ ಮನೆ, ಗುಡಾರ. ಅದರ ಎರಡು ಅರ್ಧಗಳು ಜೋಡಿಬಾಗಿಲಿನ ಎರಡು ಕದಗಳು. ∪ – ಎಂಬ ಜೋಡಿ ವತಿದ್, ಅಂದರೆ ಗೂಟ. ಒಂಟಿ ಗುರು, ಅಥವಾ ಎರಡು ಲಘುಗಳ ಜೋಡಿ, ಸಬಬ್, ಅಂದರೆ ಹಗ್ಗ. ಸಾಲಿನ ನಡುವೆ ಬರುವ ಸಡಿಲಿಕೆಯೆಲ್ಲ ಹಗ್ಗದಲ್ಲಿ, ಗೂಟ ಅಲ್ಲಾಡುವಂತಿಲ್ಲ. ತವೀಲ್‌ನ ಪ್ರತಿ ತುಂಡೂ ಗೂಟದಿಂದ ಶುರುವಾಗುತ್ತದೆ. ಹಾಗಾಗಿ ಪ್ರಸ್ತಾರ ಹಾಕುವಾಗ ಮೊದಲು ∪ – ಜೋಡಿಗಳನ್ನು ಹುಡುಕಿ ಗೀಟು ಎಳೆಯಿರಿ, ಉಳಿದದ್ದು ತಾನೇ ಕೂಡುತ್ತದೆ. ಗೂಟದ ಜಾಗದಲ್ಲಿ ∪ – ಬರದಿದ್ದರೆ ನೀವು ಬರೆದುಕೊಂಡದ್ದರಲ್ಲಿ ತಪ್ಪಿದೆ. ಹತ್ತರಲ್ಲಿ ಎಂಟು ಸಲ ‘ಅಲ್’ನ ಅಕಾರವನ್ನು ಬಿಡದೆ ಉಳಿಸಿಕೊಂಡದ್ದೇ ಕಾರಣವಾಗಿರುತ್ತದೆ.

ಲಬೀದ್ ಮತ್ತು ಏಳರಲ್ಲಿ ಇನ್ನೊಂದರ ಕವಿ ಅಂತರಾ ಬಳಸಿದ ಕಾಮಿಲ್ ಎಂಬ ಛಂದಸ್ಸು ಬೇರೆ ಬಗೆಯದು. ತುಂಡು ∪∪ – ∪ –, ಅಂದರೆ ಸಗಣಕ್ಕೆ ಲಘು-ಗುರು. ಮೊದಲ ಎರಡು ಲಘುಗಳ ಬದಲು ಒಂದು ಗುರು ಬರಬಹುದು. ಎರಡು ರೂಪದಲ್ಲೂ 7 ಮಾತ್ರೆ. ಕಂದಪದ್ಯದ ಗಣ ವಿಂಗಡಿಸಿದವರಿಗೆ ಇದು ಹೊಸತಲ್ಲ. ಆದರೆ ಇದೇ ಧೈರ್ಯದಲ್ಲಿ ತವೀಲ್‌ಗೆ ಮಾತ್ರೆ ಎಣಿಸಲು ಹೋಗಬೇಡಿ. ಅಲ್ಲಿ 5 ಮಾತ್ರೆಯ ತುಂಡು 4 ಆಗುತ್ತದೆ, ಲೆಕ್ಕ ಕೂಡದು.

ಪ್ರಾಸವೂ ನಮಗಿಂತ ಬೇರೆ. ಹಳಗನ್ನಡ ಕವಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಡುತ್ತಾನೆ, ಪದ್ಯ ಬದಲಾದರೆ ಅಕ್ಷರವೂ ಬದಲಾಗಬಹುದು. ಅರಬ್ಬೀ ಕವಿ ಬೈತ್‌ನ ತುದಿಯಲ್ಲಿ ಒಂದು ವ್ಯಂಜನ ಹಿಡಿದರೆ ಎಂಬತ್ತು ಬೈತ್ ಮುಗಿಯುವವರೆಗೂ ಅದೇ. ಇಲ್ಲಿ ಅದು ‘ಲೀ’. ಪದ್ಯ ಶುರುವಾದದ್ದನ್ನು ಸಾರಲು ಮೊದಲ ಬೈತ್‌ನ ಎರಡೂ ಕದಗಳಲ್ಲಿ ಪ್ರಾಸ ಕೂಡಿಸುವುದು ವಾಡಿಕೆ: ಮನ್ಜಿಲೀ, ಹೌಮಲೀ. ವ್ಯಂಜನ ಉಳಿದು ಸ್ವರ ತಪ್ಪಿದರೆ ಅದು ಇಕ್ವಾ ಎಂಬ ದೋಷ. ಉಕಾಝ್ ಸಂತೆಯಲ್ಲಿ ಉಳಿದ ಕವಿಗಳಿಗೆ ತೀರ್ಪು ಕೊಡುತ್ತಿದ್ದನೆನ್ನುವ ನಾಬಿಗಾನೇ ಈ ತಪ್ಪು ಮಾಡುತ್ತಿದ್ದನಂತೆ. ಯಸ್ರಿಬ್‌ನಲ್ಲಿ, ಅಂದರೆ ಮುಂದೆ ಮದೀನಾ ಆದ ಊರಿನಲ್ಲಿ, ಮುಖಕ್ಕೆ ಹೇಳಲು ಹಿಂಜರಿದವರು ಅವನ ಪದ್ಯವನ್ನು ಗಾಯಕಿಯೊಬ್ಬಳಿಂದ ತುದಿಸ್ವರ ಎಳೆದೆಳೆದು ಹಾಡಿಸಿದರು, ಆಗ ಅವನಿಗೇ ಕೇಳಿಸಿತು ಎಂಬ ಕಥೆ ಪ್ರಸಿದ್ಧ. ಗಟ್ಟಿಯಾಗಿ ಓದಿ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

4. ಬಿಡಾರದ ನಕ್ಷೆ ಬರೆಯಿರಿ

ಖಾಲಿ ಹಾಳೆ ಇದಕ್ಕೆ. ಹೆಚ್ಚಿನ ಕಸೀದಾಗಳು ಜನ ಬಿಟ್ಟುಹೋದ ಬಿಡಾರದ ಗುರುತುಗಳ ಮುಂದೆ ಶುರುವಾಗುತ್ತವೆ; ಆ ಗುರುತುಗಳಿಗೆ ಅತ್ಲಾಲ್ ಎಂದು ಹೆಸರು. ಅನುವಾದಗಳು ಇದನ್ನು ‘ಅವಶೇಷ’, ‘ಪಾಳು’ ಎನ್ನುತ್ತವೆ, ಓದುಗರ ಕಣ್ಣಿಗೆ ಹಂಪಿ ಬರುತ್ತದೆ. ಇಲ್ಲಿ ಗೋಡೆ ಇಲ್ಲ, ಕಂಬ ಇಲ್ಲ. ಕೂದಲಿನ ಗುಡಾರವನ್ನು ಸುತ್ತಿ ಒಂಟೆಯ ಮೇಲೆ ಹೇರಿಕೊಂಡು ಹೋದಮೇಲೆ ಏನು ಉಳಿದೀತು? ಮಡಕೆ ಇಡುತ್ತಿದ್ದ ಮೂರು ಒಲೆಗಲ್ಲು, ಒಳಮೈಗೆ ಮಸಿ. ಮಳೆನೀರು ನುಗ್ಗದಂತೆ ಗುಡಾರದ ಸುತ್ತ ತೋಡಿದ ಸಣ್ಣ ಕಾಲುವೆ. ಗೂಟದ ಕುಳಿ. ಪ್ರಾಣಿಗಳ ಹಿಕ್ಕೆ, ಬೂದಿ. ಹಾಳೆಯ ಮೇಲೆ ಒಂದು ವೃತ್ತ ಎಳೆದು ಇವಿಷ್ಟನ್ನೂ ಗುರುತಿಸಿ, ಕವಿ ಯಾವುದನ್ನು ಹೇಳುತ್ತಾನೋ ಅದಕ್ಕೆ ಬೈತ್ ಸಂಖ್ಯೆ ಬರೆಯಿರಿ. ಝುಹೈರ್‌ನಲ್ಲಿ ಒಲೆಗಲ್ಲು, ಕಾಲುವೆ ಎರಡೂ ಒಂದೇ ಬೈತ್‌ನಲ್ಲಿ ಸಿಗುತ್ತವೆ. ಇಪ್ಪತ್ತು ವರ್ಷದ ಮೇಲೆ ಬಂದು ನಿಂತಿದ್ದಾನೆ, ಜಾಗ ಯಾವುದೆಂದು ಊಹಿಸುತ್ತ ಊಹಿಸುತ್ತ ಕಷ್ಟಪಟ್ಟು ಗುರುತು ಹಿಡಿದಿದ್ದಾನೆ. ಮಸಿ ಹಿಡಿದ ಮೂರು ಕಲ್ಲು ಸಾಕ್ಷಿ.

ಹುಡುಗಿ ಯಾಕೆ ಹೋದಳು? ಅನುವಾದ ಓದಿದವರು ಜಗಳ, ಮೋಸ, ಮದುವೆ ಎಂದೆಲ್ಲ ಊಹಿಸುತ್ತಾರೆ. ಕಾರಣ ಹುಲ್ಲು. ಚಳಿಗಾಲದ ಮಳೆ ಬಿದ್ದು ಮೇವು ಚಿಗುರಿದಾಗ ಬೇರೆಬೇರೆ ಬಣದವರು ಪಕ್ಕಪಕ್ಕ ಬಿಡಾರ ಹೂಡುತ್ತಾರೆ. ಬೇಸಿಗೆ ಹತ್ತಿರವಾಗಿ ಹುಲ್ಲು ಒಣಗಿದರೆ ಒಬ್ಬೊಬ್ಬರು ತಮ್ಮತಮ್ಮ ಬಣದ ಬಾವಿಯ ಕಡೆಗೆ ಹೊರಡುತ್ತಾರೆ. ಅವಳ ಬಣದ ಬಾವಿ ಒಂದು ದಿಕ್ಕು, ಇವನದು ಇನ್ನೊಂದು. ಹೆಂಗಸರನ್ನು ಒಂಟೆಯ ಮೇಲಿನ ಪಲ್ಲಕ್ಕಿಯಂಥ ಹೌದಜ್‌ನಲ್ಲಿ ಕೂರಿಸಿ ಹೊರಡುವ ದೃಶ್ಯ ಹಲವು ಕಸೀದಾಗಳಲ್ಲಿ ಇರುವುದು ಇದಕ್ಕೇ. ನಮ್ಮ ಕುರಿಗಾಹಿಗಳ ಹಟ್ಟಿ ಎದ್ದುಹೋದ ಬಯಲನ್ನು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯ ಬೀಳದು.

ಜಾಗದ ಹೆಸರುಗಳನ್ನು ಹಾರಿಸಬೇಡಿ. ನಕ್ಷೆಯಲ್ಲಿ ಒಂದೊಂದನ್ನೂ ಹುಡುಕುತ್ತ ಕೂರುವುದೂ ಬೇಡ, ಅನೇಕವು ಎಲ್ಲಿದ್ದವೆಂಬುದರಲ್ಲಿ ಒಮ್ಮತವಿಲ್ಲ. ಹೆಸರಿನೊಳಗಿನ ನೆಲದ ಬಗೆ ತಿಳಿದರೆ ಸಾಕು. ‘ಲಿವಾ’ ಎಂದರೆ ಮರಳರಾಶಿ ಬಾಗಿ ತೆಳುವಾಗುವ ಜಾಗ. ತರಫಾನ ಮೊದಲ ಸಾಲಿನ ‘ಬುರ್ಕಾ’ ಎಂದರೆ ಕಲ್ಲು, ಮರಳು, ಮಣ್ಣು ಬೆರೆತ ಬಣ್ಣಬಣ್ಣದ ನೆಲ. ಎಲ್ಲವನ್ನೂ ‘ಮರುಭೂಮಿ’ ಎಂದು ಒಂದೇ ಪದದಲ್ಲಿ ಮುಗಿಸಿದರೆ ಕವಿ ಕಂಡದ್ದು ನಮಗೆ ಕಾಣುವುದಿಲ್ಲ.

ಗುರುತುಗಳಿಗೆ ಕವಿಗಳು ಕೊಡುವ ಹೋಲಿಕೆಗಳನ್ನು ಬೇರೆ ಪಟ್ಟಿ ಮಾಡಿ. ತರಫಾಗೆ ಅವು ಕೈಯ ಹಿಂಬದಿಯಲ್ಲಿ ಮಾಸಿ ಉಳಿದ ಹಚ್ಚೆ. ಲಬೀದ್‌ಗೆ ಮಳೆಯ ಪ್ರವಾಹ ಮಣ್ಣು ತೊಳೆದು ತೆರೆದಿಟ್ಟ ಗುರುತುಗಳು ಲೇಖನಿ ಮತ್ತೆ ತಿದ್ದಿದ ಬರಹದಂತೆ, ಅಥವಾ ಹಚ್ಚೆಯವಳು ಕಾಡಿಗೆ ತುಂಬಿ ಮತ್ತೆ ಚುಚ್ಚಿದಂತೆ. ಇಮ್ರುಲ್ ಕೈಸ್‌ಗೆ ಉತ್ತರ-ದಕ್ಷಿಣದ ಗಾಳಿಗಳು ನೇಯ್ದ ಬಟ್ಟೆ. ಒಂದು ಗಾಳಿ ಮರಳು ಹೊದಿಸಿದರೆ ಇನ್ನೊಂದು ಸರಿಸುತ್ತದೆ, ಅದಕ್ಕೇ ಗುರುತು ಇನ್ನೂ ಅಳಿದಿಲ್ಲ. ಅವನ ಮುಂದಿನ ಹೋಲಿಕೆ ನಮ್ಮ ಕರಾವಳಿಯ ತನಕ ಬರುತ್ತದೆ: ಖಾಲಿ ಅಂಗಳದಲ್ಲಿ ಬಿಳಿ ಜಿಂಕೆಗಳ ಹಿಕ್ಕೆ ಮೆಣಸಿನ ಕಾಳಿನಂತೆ ಬಿದ್ದಿದೆ. ಅರಬ್ಬೀಯ ಫುಲ್ಫುಲ್, ನಮ್ಮ ಹಿಪ್ಪಲಿ ಎರಡಕ್ಕೂ ಮೂಲ ಪಿಪ್ಪಲಿ. ಕಾಳುಮೆಣಸು ಬೆಳೆಯುತ್ತಿದ್ದದ್ದು ಭಾರತದ ಪಶ್ಚಿಮ ತೀರದ ಕಾಡುಗಳಲ್ಲಿ, ಕಡಲು ದಾಟಿ ಅಲ್ಲಿಗೆ ಹೋಗುತ್ತಿತ್ತು. ಜನ ಇದ್ದಲ್ಲಿ ಜಿಂಕೆ ಬರುವುದಿಲ್ಲ. ಹಿಕ್ಕೆ ಒಣಗಿ ಕಾಳಾಗಿದೆ ಎಂದರೆ ಊರು ಖಾಲಿಯಾಗಿ ಬಹಳ ದಿನ ಆಯಿತು. ಒಲಿದವಳು ಹೋದಳೆಂದು ಅವನು ಹೇಳುವ ರೀತಿ ಇದು.

5. ಭಾಗ ಮಾಡುವಾಗ ಎಚ್ಚರ

9ನೇ ಶತಮಾನದ ವಿಮರ್ಶಕ ಇಬ್ನ್ ಕುತೈಬಾ ಒಂದು ಮಾದರಿ ಹೇಳಿದ: ಬಿಡಾರದ ಮುಂದೆ ಅಳು ಮತ್ತು ಪ್ರೇಮದ ನೆನಪು (ನಸೀಬ್), ನಂತರ ಒಂಟೆಯ ಮೇಲೆ ದಣಿವಿನ ಪಯಣ (ರಹೀಲ್), ಕೊನೆಗೆ ದಾನಿಯ ಹೊಗಳಿಕೆ. ಪಠ್ಯಪುಸ್ತಕಗಳೆಲ್ಲ ಇದನ್ನೇ ಉರುಹೊಡೆಸುತ್ತವೆ. ಪೆನ್ಸಿಲ್‌ನಲ್ಲಿ ಮೂರು ಗೆರೆ ಎಳೆಯಲು ಇದು ಉಪಯುಕ್ತ, ಆದರೆ ಪದ್ಯವನ್ನು ಇದಕ್ಕೆ ಬಗ್ಗಿಸಬೇಡಿ. ಇಮ್ರುಲ್ ಕೈಸ್‌ನಲ್ಲಿ ಹೊಗಳಿಕೆಯೇ ಇಲ್ಲ, ಒಂಟೆಯ ಪಯಣವೂ ಇಲ್ಲ. ಹೆಣ್ಣುಗಳ ನೆನಪು, ಕಡಲ ಅಲೆಯಂತೆ ಪರದೆ ಇಳಿಬಿಟ್ಟ ರಾತ್ರಿ, ಪ್ರವಾಹ ಮೇಲಿಂದ ಉರುಳಿಸಿದ ಬಂಡೆಯಂಥ ಕುದುರೆ, ಬೇಟೆ, ಕೊನೆಗೆ ಒಂದು ಬಿರುಮಳೆ. ಏಳರಲ್ಲಿ ಮತ್ತೊಂದರ ಕವಿ ಅಮ್ರ್ ಇಬ್ನ್ ಕುಲ್ಸೂಮ್ ಬಿಡಾರದ ಗೊಡವೆಗೇ ಹೋಗದೆ ‘ಎದ್ದು ಬೆಳಗಿನ ಮದ್ಯ ಕೊಡು’ ಎಂದು ಶುರುಮಾಡುತ್ತಾನೆ. ಸಹೋದರ ಸಖ್ರ್‌ಗಾಗಿ ಖನ್ಸಾ ಹಾಡಿದ ಶೋಕಗೀತಗಳಲ್ಲಿ ಪ್ರೇಮದ ಮುನ್ನುಡಿ ಇಲ್ಲ, ಇರಬಾರದು ಕೂಡ. ಬಣದಿಂದ ಹೊರಬಿದ್ದ ಶನ್ಫರಾನ ಹೆಸರಿನಲ್ಲಿರುವ ಪದ್ಯ ಬಣಕ್ಕೆ ಬೆನ್ನು ತಿರುಗಿಸಿ, ತೋಳಗಳೇ ತನ್ನ ನೆಂಟರು ಎನ್ನುತ್ತದೆ.

ಹಾಗಾಗಿ ಭಾಗ ಹುಡುಕುವುದಕ್ಕೆ ಅರ್ಥಕ್ಕಿಂತ ಮಾತಿನ ತಿರುವು ನಂಬಿಕೆಯದು. ‘ಬಿಡು ಇದನ್ನು’, ‘ಚಿಂತೆ ಬಂದಾಗ ನಾನು ಅದನ್ನು ಕಳೆಯುವುದು ಇಂಥ ಒಂಟೆಯಿಂದ’ ಎಂಬಂಥ ಮಾತು ಬಂದರೆ ಅಲ್ಲಿ ಗೆರೆ ಎಳೆಯಿರಿ.

6. ಒಂಟೆ, ಮತ್ತು ಒಂಟೆ ಅಲ್ಲದ್ದು

ಒಂಟೆಯ ಭಾಗದಲ್ಲಿ ಓದುಗರು ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಕವಿ ‘ಒಂಟೆ’ ಎಂಬ ಪದವನ್ನೇ ಹೇಳದಿರುವುದು. ‘ಗಟ್ಟಿಮೈಯವಳು’, ‘ವೇಗದವಳು’ ಎಂದು ವಿಶೇಷಣ ಮಾತ್ರ. ನಾಮಪದ ಕೇಳುಗನೇ ತುಂಬಿಕೊಳ್ಳಬೇಕು. ಅನುವಾದದಲ್ಲಿ ‘ಅವಳು’ ಎಂದು ಬಂದರೆ ಪ್ರೇಯಸಿಯೋ ಒಂಟೆಯೋ ಎಂದು ನೋಡಿಕೊಳ್ಳಿ. ತರಫಾನ ಒಂಟೆಗೆ ಒಂದು ಚಿತ್ರ ಬರೆದು ಅಂಗಾಂಗಕ್ಕೆ ಹೋಲಿಕೆ ಬರೆಯಿರಿ: ಕಣ್ಣು ಎರಡು ಕನ್ನಡಿ, ಕೆನ್ನೆ ಸಿರಿಯಾದ ಕಾಗದ, ತುಟಿ ಯೆಮೆನ್‌ನ ಹದಮಾಡಿದ ಚರ್ಮ, ಒಟ್ಟು ಮೈಕಟ್ಟು ರೋಮನ್ನನ ಸೇತುವೆ. ಮುಗಿಸಿ ನೋಡಿದರೆ ಒಂದು ಸಂತೆಯ ಸರಕುಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಮರುಭೂಮಿಯ ಅಲೆಮಾರಿಗೆ ಯಾವ ಯಾವ ಸೀಮೆಯ ಸರಕು ಗೊತ್ತಿತ್ತು ಎಂಬುದಕ್ಕೆ ಇದೇ ಪುರಾವೆ. ಅದೇ ತರಫಾ ಮುಂದೆ ಹೇಳುತ್ತಾನೆ, ನೆಂಟರು ಮಾಡುವ ಅನ್ಯಾಯ ‘ಮುಹನ್ನದ್’ ಕತ್ತಿಯ ಏಟಿಗಿಂತ ನೋವು ಎಂದು. ಮುಹನ್ನದ್ ಎಂದರೆ ಹಿಂದ್‌ನ ಉಕ್ಕಿನದು. ದಕ್ಷಿಣ ಭಾರತದ ಉಕ್ಕಿಗೆ ಯುರೋಪಿನವರು ಇಟ್ಟ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂತು ಎಂಬ ಅಭಿಪ್ರಾಯವಿದೆ. ಮುಹನ್ನದ್ ಪದಕ್ಕೆ ಬರೀ ‘ಹರಿತವಾದ ಕತ್ತಿ’ ಎಂದು ಅನುವಾದಿಸುವವರು ನಮ್ಮ ಪಾಲನ್ನೂ ನುಂಗಿದಂತೆ.

ಎರಡನೆಯದು, ಹೋಲಿಕೆ ಕಥೆಯಾಗುವುದು. ಲಬೀದ್ ತನ್ನ ಒಂಟೆ ಕಾಡುಕತ್ತೆಯ ಹಾಗೆ ಎನ್ನುತ್ತಾನೆ, ಆಮೇಲೆ ಹತ್ತಾರು ಬೈತ್ ಕಾಡುಕತ್ತೆಯ ಸಂಸಾರವೇ. ‘ಅದರ ಹಾಗೋ, ಇಲ್ಲ ಕರುವನ್ನು ತೋಳಕ್ಕೆ ಕಳೆದುಕೊಂಡ ಕಾಡುಹಸುವಿನ ಹಾಗೋ’ ಎಂದು ಇನ್ನೊಂದು ಶುರುವಾಗುತ್ತದೆ. ಈ ಕಾಡುಹಸು ಓರಿಕ್ಸ್, ನೀಳ ಕೊಂಬಿನ ಬಿಳಿ ಪ್ರಾಣಿ. ರಾತ್ರಿಯೆಲ್ಲ ಮಳೆ, ಬೆಳಗ್ಗೆ ಬೇಟೆನಾಯಿಗಳು, ಕೊಂಬು ತಿರುಗಿಸಿ ಹೋರಾಟ. ವಿಷಯ ಬದಲಾಯಿತೆಂದು ತಿಳಿಯಬೇಡಿ, ಇಷ್ಟೂ ಒಂಟೆಯ ವೇಗಕ್ಕೆ ಕೊಟ್ಟ ಉಪಮೆ. ಅಂಚಿನಲ್ಲಿ ಒಂದು ಗೀಟು ಎಳೆದು ‘ಹಾಗೆ’ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಬರೆಯಿರಿ.

ಬೇಟೆಯ ಫಲಿತಾಂಶಕ್ಕೆ ಒಂದು ಕಟ್ಟಳೆ ಇದೆ. 9ನೇ ಶತಮಾನದ ಲೇಖಕ ಜಾಹಿಝ್ ಅದನ್ನು ಗಮನಿಸಿ ಬರೆದಿಟ್ಟ. ಪದ್ಯ ಶೋಕದ್ದಾದರೆ ನಾಯಿಗಳು ಕಾಡುಹಸುವನ್ನು ಕೊಲ್ಲುತ್ತವೆ. ಹೊಗಳಿಕೆಯದಾಗಿ, ‘ನನ್ನ ಒಂಟೆ ಇಂಥದ್ದು’ ಎಂಬ ಹೋಲಿಕೆಯಾದರೆ ನಾಯಿಗಳೇ ಸಾಯುತ್ತವೆ. ಮಕ್ಕಳನ್ನು ಕಳೆದುಕೊಂಡ ಅಬೂ ಧುಐಬ್‌ನ ಪದ್ಯದಲ್ಲಿ ಕಾಡುಕತ್ತೆ, ಕಾಡೆತ್ತು, ವೀರ, ಯಾರೂ ಉಳಿಯುವುದಿಲ್ಲ. ಲಬೀದ್‌ನ ಹಸು ಉಳಿಯುತ್ತದೆ.

7. ಹತ್ತು ಪಾಲಿನ ಲೆಕ್ಕ

ಸಾಮಾನು ತಿಳಿಯದೆ ಓದಿದರೆ ಎಷ್ಟು ನಷ್ಟ ಎಂಬುದಕ್ಕೆ ಇಮ್ರುಲ್ ಕೈಸ್‌ನ ಒಂದು ಬೈತ್ ಸಾಕು. ‘ನಿನ್ನ ಕಣ್ಣು ನೀರಾಡಿದ್ದು ನಿನ್ನ ಎರಡು ಬಾಣಗಳನ್ನು ಸೋತ ಹೃದಯದ ಹತ್ತು ಪಾಲುಗಳಿಗೆ ಹೊಡೆಯಲೆಂದೇ.’ ಕಣ್ಣೋಟದ ಬಾಣ ನಮಗೆ ಹಳೆಯದು, ಮನ್ಮಥನಿಗೆ ಐದಿವೆ. ಸರಿ, ಎರಡೇ ಯಾಕೆ, ಹತ್ತೇ ಯಾಕೆ?

ಅದು ಮೈಸಿರ್ ಎಂಬ ಜೂಜು. ಒಂಟೆ ಕಡಿದು ಮಾಂಸವನ್ನು 10 ಪಾಲು ಮಾಡುತ್ತಾರೆ. ಗರಿಯಿಲ್ಲದ 10 ಬಾಣದ ಕಡ್ಡಿಗಳು. ಮೂರು ಬರಿದು, ಏಳಕ್ಕೆ ಕಚ್ಚು ಗುರುತು: ಮೊದಲನೆಯದಕ್ಕೆ 1 ಪಾಲು, ಎರಡನೆಯದಕ್ಕೆ 2, ಹೀಗೆ ಏಳನೆಯದಕ್ಕೆ 7. ಮೂರರ ಕಡ್ಡಿಗೆ ರಕೀಬ್, ಏಳರದಕ್ಕೆ ಮುಅಲ್ಲಾ ಎಂದು ಹೆಸರು. ಒಬ್ಬರ ಕೈಗೇ ಈ ಎರಡೂ ಬಂದರೆ 7 ಮತ್ತು 3, ಹತ್ತಕ್ಕೆ ಹತ್ತು. ಇನ್ನೊಬ್ಬರಿಗೆ ಎಲುಬೂ ಇಲ್ಲ. ಹಳೆಯ ವ್ಯಾಖ್ಯಾನಕಾರರು ಈ ಬೈತನ್ನು ಹೀಗೆ ಬಿಡಿಸುತ್ತಾರೆ: ಅವಳು ಅತ್ತಳು, ಇವನ ಹೃದಯದ ಪೂರಾ ಮಾಂಸ ಗೆದ್ದುಕೊಂಡಳು. ಬರೀ ಕಣ್ಬಾಣ ಎಂದು ಓದುವ ಅರ್ಥವೂ ವ್ಯಾಖ್ಯಾನಗಳಲ್ಲಿದೆ. ಆದರೆ ‘ಎರಡು’ ಮತ್ತು ‘ಹತ್ತು’ ಎಂಬ ಅಂಕಿಗಳಿಗೆ ಉತ್ತರ ಸಿಗುವುದು ಜೂಜಿನಲ್ಲೇ.

ಈ ಜೂಜನ್ನು ಕವಿಗಳು ಹೆಮ್ಮೆಯಿಂದ ಹೇಳಿಕೊಳ್ಳುವುದೇಕೆ ಎಂಬುದಕ್ಕೂ ಕಾರಣವಿದೆ. ಮೇವಿಲ್ಲದ ಚಳಿಗಾಲದಲ್ಲಿ ಉಳ್ಳವರು ಆಡಿ, ಗೆದ್ದ ಮಾಂಸವನ್ನು ಬಡವರಿಗೂ ನೆರೆಯವರಿಗೂ ಹಂಚುತ್ತಿದ್ದರು. ಲಬೀದ್‌ನ ಕೊನೆಯ ಭಾಗದಲ್ಲಿ ಇದು ಬಿಡಿಬಿಡಿಯಾಗಿ ಇದೆ. ಮುಂದೆ ಕುರಾನ್ ಮೈಸಿರನ್ನು ನಿಷೇಧಿಸಿತು.

8. ಸಾಲು ಸಂಖ್ಯೆ ತಾಳೆಯಾಗದಿದ್ದರೆ

ಆಗುವುದೇ ಇಲ್ಲ, ಗಾಬರಿ ಬೇಡ. ಎರಡು ಅನುವಾದ ಪಕ್ಕದಲ್ಲಿಟ್ಟರೆ ಒಂದರ 40ನೆಯದು ಇನ್ನೊಂದರಲ್ಲಿ 43 ಇರುತ್ತದೆ. ಈ ಪದ್ಯಗಳು ಬಹುಕಾಲ ರಾವಿಗಳ ಬಾಯಲ್ಲಿ ಉಳಿದು, ಬರಹಕ್ಕೆ ಬಂದದ್ದು ಹೆಚ್ಚಾಗಿ 8-9ನೇ ಶತಮಾನದಲ್ಲಿ. ಬೈತ್ ಸ್ವತಂತ್ರವಾದ್ದರಿಂದ ಜಾಗ ಬದಲಾಯಿಸುವುದು ಸುಲಭ. ಹಾಗಾಗಿ ಸಂಖ್ಯೆಯಿಂದ ಹುಡುಕಬೇಡಿ, ಪ್ರಾಸದ ಕೊನೆಯ ಪದದಿಂದ ಹುಡುಕಿ. ಬಾಯಿಪಾಠದಲ್ಲಿ ಕಡಿಮೆ ಅಲುಗುವುದು ಅದೇ. ಇಮ್ರುಲ್ ಕೈಸ್‌ನಲ್ಲಿ ನೀರಿನ ಚೀಲ ಹೊತ್ತು ನಡೆದು ತೋಳದೊಡನೆ ಮಾತಾಡುವ ನಾಲ್ಕು ಬೈತ್‌ಗಳು ಕೆಲವು ಪಾಠಗಳಲ್ಲಿ ಇಲ್ಲ. ಅವು ತಅಬ್ಬತ ಶರ್ರನ್ ಎಂಬ ಅಲೆಮಾರಿ ದರೋಡೆಕವಿಯದೆಂದು ಹಳಬರೇ ಹೇಳಿದ್ದಾರೆ. ಅರಸುಮಗ ನೀರಿನ ಚೀಲ ಹೊತ್ತ ಎನ್ನುವುದು ಅವರಿಗೂ ಒಪ್ಪಿಗೆಯಾಗಿರಲಿಲ್ಲ.

ಒಟ್ಟು ಕಾವ್ಯವೇ ನಂತರದವರ ಸೃಷ್ಟಿಯೇ ಎಂಬ ಪ್ರಶ್ನೆಯೂ ಇದೆ. ಹಮ್ಮಾದ್ ತನ್ನ ಸಾಲುಗಳನ್ನು ಹಳಬರ ಹೆಸರಿನಲ್ಲಿ ಸೇರಿಸುತ್ತಿದ್ದ ಎಂಬ ಆರೋಪ ಅವನ ಕಾಲಕ್ಕೇ ಹತ್ತಿರದ್ದು. 1926ರಲ್ಲಿ ಈಜಿಪ್ಟಿನ ತಾಹಾ ಹುಸೈನ್ ಇದರ ಹೆಚ್ಚಿನ ಪಾಲು ನಕಲಿ ಎಂದು ಬರೆದು ದೊಡ್ಡ ಗದ್ದಲವಾಯಿತು. ಪುಸ್ತಕ ಹಿಂದೆ ಪಡೆದು ಮರುವರ್ಷ ತಿದ್ದಿ ತರಬೇಕಾಯಿತು. ಈಗಿನ ಹೆಚ್ಚಿನವರು ಅಷ್ಟು ದೂರ ಹೋಗುವುದಿಲ್ಲ. ಓದುವ ಕೆಲಸಕ್ಕೆ ಇಷ್ಟು ನೆನಪಿದ್ದರೆ ಸಾಕು: ಒಂದು ಸಾಲನ್ನು ಇಂಥವನೇ ಹೇಳಿದ ಎಂದು ಆಣೆ ಹಾಕಬೇಡಿ.

9. ಕನ್ನಡಕ್ಕೆ ತರುವಾಗ

ಐದು ಬೈತ್ ಓದಿದ ದಿನ ಒಂದನ್ನಾದರೂ ಕನ್ನಡದಲ್ಲಿ ಬರೆದಿಡಿ. ಪ್ರಾಸ ಕಟ್ಟಲು ಹೋಗಬೇಡಿ; ಅರಬ್ಬೀಯಲ್ಲಿ ಒಂದೇ ಪ್ರಾಸಕ್ಕೆ ನೂರು ಪದ ಒದಗುತ್ತವೆ, ಕನ್ನಡದಲ್ಲಿ ಹತ್ತನೆಯದಕ್ಕೆ ಕೃತಕವಾಗುತ್ತದೆ. ‘ಕಿಫಾ’ದ ‘ಇಬ್ಬರೂ’ ಬಿಡಬೇಡಿ. ಕವಿಯ ಜೊತೆಗೆ ಇಬ್ಬರು ಸಂಗಾತಿಗಳು ಇರುವುದು ಈ ಕಾವ್ಯದ ವಾಡಿಕೆ. ಹಿಕ್ಕೆಗೆ ಹಿಕ್ಕೆ ಎಂದೇ ಬರೆಯಿರಿ, ‘ಮೃಗಮಲ’ ಎಂದು ಮಡಿ ಮಾಡಬೇಡಿ. ಹಚ್ಚೆ, ಒಲೆಗಲ್ಲು, ಗೂಟ, ಬಿಡಾರ, ಹೇರು, ಎಲ್ಲ ನಮ್ಮ ಹಳ್ಳಿಯ ಪದಗಳೇ ಇವೆ. ಓರಿಕ್ಸ್‌ಗೆ ಕೃಷ್ಣಮೃಗ ಎನ್ನಬೇಡಿ, ಬಣ್ಣವೇ ತಲೆಕೆಳಗಾಗುತ್ತದೆ.

ಇಮ್ರುಲ್ ಕೈಸ್, ಝುಹೈರ್, ತರಫಾ ಮೂರು ಮುಗಿದ ಮೇಲೆ ಅಂತರಾನನ್ನು ತೆರೆಯಿರಿ; ಅಬಿಸೀನಿಯಾದ ದಾಸಿಯ ಮಗ, ಅಬ್ಸ್ ಬಣದ ವೀರ. ಅವನ ಮೊದಲ ಸಾಲೇ ಒಂದು ಪ್ರಶ್ನೆ: ತೇಪೆ ಹಾಕದ ಜಾಗ ಯಾವುದನ್ನಾದರೂ ಕವಿಗಳು ಬಿಟ್ಟಿದ್ದಾರೆಯೇ? ಆಮೇಲೆ ‘ಊಹಿಸುತ್ತ ಊಹಿಸುತ್ತ ಮನೆಯನ್ನು ಗುರುತಿಸಿದೆಯಾ’ ಎಂದು ಕೇಳಿಕೊಳ್ಳುತ್ತಾನೆ. ಇಪ್ಪತ್ತು ವರ್ಷದ ಮೇಲೆ ಬಂದು ನಿಂತ ಝುಹೈರ್ ಆಡಿದ್ದೂ ಹೆಚ್ಚುಕಡಿಮೆ ಇದೇ ಮಾತು. ಎರಡೂ ಬೈತ್‌ಗಳನ್ನು ಅಕ್ಕಪಕ್ಕ ಬರೆದು ಗುರು-ಲಘು ಹಾಕಿ: ಝುಹೈರ್‌ನದು ತವೀಲ್, ಅಂತರಾನದು ಕಾಮಿಲ್, ಪ್ರಾಸ ಎರಡಕ್ಕೂ ‘ಮೀ’.